ಬಾಲವನ್ನೂ ಎಣಿಸಿದ ದಿನ

ವಿಕಿರಣಶೀಲ ವಸ್ತುಗಳಿಂದ ಹೊರಡುವ ಗ್ಯಾಮಾ ಕಿರಣಗಳನ್ನು ಅಳೆಯುವ ಡಿಟೆಕ್ಟರ್ ಕೈಸೇರಿ ಎರಡು ತಿಂಗಳಾಗಿತ್ತು. ಒಳಗೆ ಸೋಡಿಯಂ ಅಯೊಡೈಡ್ ಹರಳು, ಅದಕ್ಕೆ ಅಂಟಿಕೊಂಡು, ಸಣ್ಣ ಬೆಳಕನ್ನೂ ವಿದ್ಯುತ್ತಾಗಿಸುವ ಫೋಟೋಮಲ್ಟಿಪ್ಲಯರ್. ಗ್ಯಾಮಾ ಕಿರಣ ಹರಳಿಗೆ ಬಡಿದರೆ ಮಿಣುಕ್ ಅಂತ ಒಂದು ಬೆಳಕು. ಆ ಬೆಳಕು ವಿದ್ಯುತ್ ಪಲ್ಸ್ ಆಗಿ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಬರುತ್ತದೆ. ಪಲ್ಸ್ ಎತ್ತರವಿದ್ದಷ್ಟೂ ಹರಳಿಗೆ ಸಿಕ್ಕ ಶಕ್ತಿ ಜಾಸ್ತಿ. ಎತ್ತರದ ಪ್ರಕಾರ ಅವನ್ನು ಬೇರೆ ಬೇರೆ ಎಣಿಸಿದರೆ ಸ್ಪೆಕ್ಟ್ರಮ್, ಅಂದರೆ ಯಾವ ಶಕ್ತಿಯವು ಎಷ್ಟು ಬಂದವು ಅನ್ನುವ ನಕ್ಷೆ, ಸಿಗುತ್ತದೆ. ಕೇಳೋಕೆ ಇಷ್ಟೇ. ಆದರೆ ಯಾವುದು ಪಲ್ಸ್, ಯಾವುದು ಅಲ್ಲ ಅಂತ ಸಾಫ್ಟ್‌ವೇರಿಗೆ ಹೇಳಿಕೊಡಲು ಒಂದು ಭಾನುವಾರ ಪೂರ್ತಿ ಬೇಕಾಯಿತು.

ಬೆಳಗ್ಗೆ ಆನ್ ಮಾಡಿದ ಕೂಡಲೇ ಸೆಕೆಂಡಿಗೆ 900 ಕೌಂಟ್ ತೋರಿಸಿತು. ಹತ್ತಿರ ಏನೂ ಇಟ್ಟಿರಲಿಲ್ಲ. ಇಷ್ಟು ಚಿಕ್ಕ ಹರಳಿಗೆ ಸುಮ್ನೆ ಅಷ್ಟು ಬರಲು ಸಾಧ್ಯವಿಲ್ಲ. ಸಂಖ್ಯೆಯನ್ನು ಬಿಟ್ಟು, ಅಲೆಯನ್ನೇ ತೋರಿಸುವ ವಿಂಡೋ ತೆರೆದೆ. ಕೆಳಗೆಲ್ಲ ಹುಲ್ಲು ಬೆಳೆದ ಹಾಗೆ ನಾಯ್ಸ್. ಅದರ ನಡುವೆ ಅಲ್ಲೊಂದು ಇಲ್ಲೊಂದು ನಿಜವಾದ ಪಲ್ಸ್. ಥ್ರೆಶೋಲ್ಡ್ ಗೆರೆ, ಅಂದರೆ ದಾಟಿದ್ದನ್ನು ಮಾತ್ರ ಪಲ್ಸ್ ಅಂತ ಎಣಿಸುವ ಗೆರೆ, ಹುಲ್ಲಿನೊಳಗೇ ಹೂತುಹೋಗಿತ್ತು. ಸ್ವಲ್ಪ ಸ್ವಲ್ಪವೇ ಮೇಲೆತ್ತಿದೆ. 900 ಇದ್ದದ್ದು 300 ಆಯಿತು, ಆಮೇಲೆ 80. ಅಲ್ಲಿಂದಾಚೆ ಗೆರೆ ಏರಿಸಿದರೂ ಕೌಂಟ್ ನಿಧಾನವಾಗಿ ಮಾತ್ರ ಇಳಿಯುತ್ತಿತ್ತು. ನಾಯ್ಸ್ ಕಳೆದಿದೆ ಅನ್ನೋದಕ್ಕೆ ನನಗೆ ಅದೇ ಗುರುತು.

ವಿಕಿರಣಶೀಲ ಥೋರಿಯಂ ಇರುವ ಹಳೇ ಗ್ಯಾಸ್ ಲೈಟಿನ ಮ್ಯಾಂಟಲ್ (ಬೆಳಗುವ ಬಲೆಚೀಲ) ಒಂದನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿ ಇಟ್ಟುಕೊಂಡಿದ್ದೇನೆ. ಅದನ್ನು ಹರಳಿನ ಪಕ್ಕ ಇಟ್ಟೆ. ಈಗ ದೊಡ್ಡ ಪಲ್ಸ್‌ಗಳು ಬಂದವು. ಒಂದನ್ನು ಹಿಗ್ಗಿಸಿ ನೋಡಿದೆ. ಸೌಂಡ್ ಕಾರ್ಡ್ ಅಲೆಯನ್ನು ಅಳೆಯುವುದು ಸೆಕೆಂಡಿಗೆ 48,000 ಸಲ (ಸ್ಯಾಂಪಲ್), ಅಂದರೆ ಒಂದು ಚುಕ್ಕಿಗೂ ಮುಂದಿನ ಚುಕ್ಕಿಗೂ ಸುಮಾರು 21 ಮೈಕ್ರೋಸೆಕೆಂಡ್ ಅಂತರ. ನನ್ನ ಪಲ್ಸ್ ಸುಮಾರು 100 ಮೈಕ್ರೋಸೆಕೆಂಡ್ ಅಗಲ. ಇಡೀ ಪಲ್ಸಿಗೆ ಸಿಗುವುದು ಐದೇ ಚುಕ್ಕಿ! ಅದರ ಹಿಂದೆ ಒಂದು ಬಾಲ. ಕೆಳಗಿಳಿದು, ಮತ್ತೆ ಮೇಲೆದ್ದು, ಸಣ್ಣಗೆ ಅಲುಗಾಡಿ ನಿಲ್ಲುತ್ತದೆ. ಸೌಂಡ್ ಕಾರ್ಡಿನ ಫಿಲ್ಟರ್ ಮಾಡುವ ಕೆಲಸ ಅದು. ಪಲ್ಸ್ ದೊಡ್ಡದಾದರೆ ಬಾಲವೂ ಥ್ರೆಶೋಲ್ಡ್ ದಾಟುತ್ತದೆ, ಸಾಫ್ಟ್‌ವೇರ್ ಅದನ್ನು ಇನ್ನೊಂದು ಪಲ್ಸ್ ಅಂತ ಎಣಿಸುತ್ತದೆ.

ತಂಗಿ ಬಂದು ಹಿಂದೆ ನಿಂತು ನೋಡುತ್ತಿದ್ದಳು. ಅವಳು ಇಸಿಜಿ ತೆಗೆಯುವ ಕೆಲಸದಲ್ಲಿದ್ದಾಳೆ. ಅದರಲ್ಲಿ ಹೃದಯದ ಪ್ರತಿ ಬಡಿತದ ಚೂಪಾದ ಅಲೆಯ ಹಿಂದೆಯೇ ಬರುವ ಸಣ್ಣ ಅಲೆಗೆ ಟಿ ಅಲೆ ಅಂತ ಹೆಸರು.

“ಅಣ್ಣ, ನಮ್ಮಲ್ಲೂ ಹೀಗೇ. ಟಿ ಅಲೆ ದೊಡ್ಡದಿದ್ರೆ ಕೆಲವು ಸಲ ಮೆಷಿನ್ ಅದನ್ನೂ ಬಡಿತ ಅಂತ ಎಣಿಸಿಬಿಡುತ್ತೆ. ನಾಡಿ ಹಿಡಿದು ನೋಡಿದ್ರೆ 70, ಅಲ್ಲಿ 140.”

ಅಲ್ಲಿಗೂ ಇಲ್ಲಿಗೂ ಮದ್ದು ಒಂದೇ. ಒಂದು ಬಡಿತ ಸಿಕ್ಕ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರು ಅಂತ ಹೇಳುವುದು. ನಾನು 20 ಸ್ಯಾಂಪಲ್ ಕೊಟ್ಟೆ, ಅಂದರೆ 0.4 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಬಂದ ನಿಜವಾದ ಪಲ್ಸ್‌ಗಳೂ ಕೈತಪ್ಪುತ್ತವೆ. ಸೆಕೆಂಡಿಗೆ 80 ಕೌಂಟ್ ಇದ್ದಾಗ ನೂರಕ್ಕೆ ಮೂರರಷ್ಟು. ಅಷ್ಟು ಹೋಗಲಿ ಅನ್ನಿಸಿತು.

ಆಮೇಲಿನದು ಪಲ್ಸಿನ ಆಕಾರ. ಸಾವಿರಾರು ಪಲ್ಸ್‌ಗಳನ್ನು ಒಂದೇ ಎತ್ತರಕ್ಕೆ ತಂದು ಸರಾಸರಿ ತೆಗೆದರೆ ಒಂದು ಮಾದರಿ ಸಿಗುತ್ತದೆ. ಅದಕ್ಕೆ ಹೋಲದವನ್ನು, ಒಂದರ ಮೇಲೊಂದು ಏರಿ ಬಂದ ಜೋಡಿಗಳನ್ನು ಸಾಫ್ಟ್‌ವೇರ್ ಬಿಸಾಕುತ್ತದೆ. ಎಷ್ಟು ವ್ಯತ್ಯಾಸ ಸಹಿಸಬೇಕು ಅನ್ನೋದು ಟಾಲರೆನ್ಸ್. ಬಿಗಿ ಮಾಡಿದಷ್ಟೂ ಸ್ಪೆಕ್ಟ್ರಮ್‌ನ ಪೀಕ್ (ಒಂದೇ ಶಕ್ತಿಯ ಪಲ್ಸ್‌ಗಳು ಕೂಡಿ ಏಳುವ ಶಿಖರ) ಚೂಪಾಯಿತು. ಖುಷಿಯಿಂದ ಇನ್ನೂ ಬಿಗಿ ಮಾಡಿದೆ. 239 ಕೆಇವಿಯ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಪೀಕ್ ಸೊರಗಿತು. ಥೋರಿಯಂ ಸರಣಿಯಲ್ಲಿ ಎದ್ದು ಕಾಣಬೇಕಾದ ಪೀಕ್ ಅದು! ಚಿಕ್ಕ ಪಲ್ಸಿನ ಮೇಲೆ ಅದೇ ನಾಯ್ಸ್ ಕೂತರೂ ಆಕಾರ ಜಾಸ್ತಿ ಕೆಡುತ್ತದೆ. ಹಾಗಾಗಿ ಮೊದಲು ಬಿಸಾಕಿಸಿಕೊಳ್ಳುವುದು ಚಿಕ್ಕವೇ. ಟಾಲರೆನ್ಸ್ ಸಡಿಲಿಸಿದೆ, ಪೀಕ್ ಮರಳಿತು.

ಸಂಜೆ ಇನ್ನೊಂದು ತೊಂದರೆ. ಮ್ಯಾಂಟಲನ್ನು ಹತ್ತಿರ ತಂದರೆ ಪೀಕ್ ಎಡಕ್ಕೆ ಜರುಗುತ್ತಿತ್ತು. ಹತ್ತಿರ ತಂದರೆ ಕೌಂಟ್ ಹೆಚ್ಚಬೇಕೇ ಹೊರತು ಪೀಕ್ ಜಾಗ ಬದಲಿಸಬಾರದು, ಅಲ್ವಾ? ಹುಡುಕಿದರೆ, ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನಲ್ಲಿ ಆಟೋಮ್ಯಾಟಿಕ್ ಗೇನ್ ಆನ್ ಆಗಿತ್ತು. ಮಾತಿನ ದನಿಯನ್ನು ಸಮ ಮಾಡುವ ಸೌಲಭ್ಯ ಅದು. ಎತ್ತರವನ್ನೇ ನಂಬಿ ಮಾಡುವ ಕೆಲಸಕ್ಕೆ ಅದರಷ್ಟು ಕೇಡು ಬೇರೆ ಇಲ್ಲ. ಆಫ್ ಮಾಡಿದೆ. ಥ್ರೆಶೋಲ್ಡ್, ಆಕಾರ, ಟಾಲರೆನ್ಸ್ ಎಲ್ಲ ಮೊದಲಿನಿಂದ.

ಥೋರಿಯಂ ಸರಣಿಯ ಎರಡು ಪೀಕ್, 239 ಮತ್ತು 2614 ಕೆಇವಿಗೆ ಅಳತೆ ಹೊಂದಿಸಿ, ಮ್ಯಾಂಟಲ್ ದೂರ ಇಟ್ಟೆ. ಪರೀಕ್ಷೆಗೆ ಪೊಟ್ಯಾಸಿಯಂ ಕ್ಲೋರೈಡ್ ಡಬ್ಬ. ಅದರ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರ ಪರಮಾಣುಗಳಿಗೆ ಹೆಚ್ಚೂಕಡಿಮೆ ಒಂದು ವಿಕಿರಣಶೀಲ ಪೊಟ್ಯಾಸಿಯಂ-40. ಅದರ ಗ್ಯಾಮಾ ಕಿರಣದ ಶಕ್ತಿ ಸುಮಾರು 1460 ಕೆಇವಿ. ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 125 ಕೋಟಿ ವರ್ಷ. ರಾತ್ರಿ ಹತ್ತರ ಹೊತ್ತಿಗೆ 1460ರ ಬಳಿ ಒಂದು ದಿಬ್ಬ ಎದ್ದಿತ್ತು. ಆ ಜಾಗವನ್ನು ನಾನು ಸಾಫ್ಟ್‌ವೇರಿಗೆ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆ.

ತಂಗಿಗೆ ಚಿತ್ರ ಕಳಿಸಿದೆ. “ಬಾಲ ಎಣಿಸಿಲ್ಲ ತಾನೇ?” ಅಂತ ಉತ್ತರ ಬಂತು. ಅಲೆಯ ವಿಂಡೋ ಇನ್ನೊಮ್ಮೆ ತೆರೆದೆ. ಒಂದು ಪಲ್ಸಿಗೆ ಒಂದೇ ಗುರುತು ಬೀಳುತ್ತಿತ್ತು.