"ಫಿಲಂ ಏನೂ ವೇಸ್ಟ್ ಆಗಲ್ವಲ್ಲ ಸರ್"

ಬುಧವಾರದಿಂದ ಈ ಒಂದು ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ. ಊಟಕ್ಕೆ ಕೂತಾಗ, ಬೈಕಿನಲ್ಲಿ ಮನೆಗೆ ಬರುವಾಗ, ರಾತ್ರಿ ಲೈಟ್ ಆರಿಸಿದ ಮೇಲೂ ಅದೇ. "ಫಿಲಂ ಏನೂ ವೇಸ್ಟ್ ಆಗಲ್ವಲ್ಲ ಸರ್."

ಹೇಳಿದ್ದು ನಮ್ಮ ಎಕ್ಸ್-ರೇ ರೂಮಿಗೆ ಹೊಸದಾಗಿ ಸೇರಿರುವ ಹುಡುಗ. ಡಿಪ್ಲೊಮಾ ಮುಗಿಸಿ ಬಂದು ನಾಲ್ಕು ತಿಂಗಳಾಯಿತು. ಒಳ್ಳೆಯ ಹುಡುಗ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲು ಮುರಿದುಕೊಂಡ ಅಜ್ಜಿಯನ್ನು ಟ್ರಾಲಿಯಿಂದ ಟೇಬಲ್ಲಿಗೆ ಎತ್ತಬೇಕು ಅಂದರೆ ಎಲ್ಲರಿಗಿಂತ ಮೊದಲು ಓಡಿ ಬರುವವನು ಅವನೇ. ಅದಕ್ಕೇ ಆ ಮಾತು ಇಷ್ಟು ಕೊರೆಯುತ್ತಿರುವುದು. ಕೆಟ್ಟವನೊಬ್ಬ ಹೇಳಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ.

ಅವತ್ತು ಪೋರ್ಟಬಲ್ ಮಿಷನ್ ತಳ್ಳಿಕೊಂಡು ಐಸಿಯುಗೆ ಹೋಗಿದ್ದೆ. ವಾಪಸ್ ಬಂದಾಗ ಹೊರಗಿನ ಬೆಂಚು ತುಂಬಿತ್ತು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿ ಆರಿತು. ಬಾಗಿಲ ಪಕ್ಕದಲ್ಲೇ ಒಬ್ಬ ತಾಯಿ ಮಗಳ ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ನನ್ನ ಬ್ಯಾಡ್ಜು ನೋಡಿ ಕೇಳಿದರು, "ಸರ್, ಇದು ಮೂರನೇ ಸಲ. ಇನ್ನೆಷ್ಟು ಸಲ ತೆಗೀತೀರಾ?"

ಅದರಲ್ಲಿ ಜಗಳದ ಧ್ವನಿ ಇರಲಿಲ್ಲ. ಬಸ್ಸು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳುವ ಹಾಗೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಒಳಗೆ ಹೋದೆ.

ಎಂಟನೇ ಕ್ಲಾಸಿನ ಹುಡುಗಿ, 13 ವರ್ಷ. ಬೆನ್ನುಮೂಳೆ ವಾರೆಯಾಗಿದೆ. ಮೊದಲು ಗಮನಿಸಿದ್ದು ಅವರೂರಿನ ಟೈಲರ್ ಅಂತೆ. ಯೂನಿಫಾರ್ಮಿನ ಲಂಗ ಎಷ್ಟು ಸಲ ಸರಿಮಾಡಿ ಕೊಟ್ಟರೂ ಒಂದು ಕಡೆ ಮೇಲೆ ನಿಲ್ಲುತ್ತದೆ, ಮಗೂನ ಡಾಕ್ಟರಿಗೆ ತೋರಿಸಿ ಅಂದನಂತೆ. ಆ ಟೈಲರ್ ಯಾರೋ ಗೊತ್ತಿಲ್ಲ, ಅವನ ಕಣ್ಣಿಗೆ ಕೈ ಮುಗಿಯಬೇಕು. ಹುಡುಗಿ ದೊಗಳೆ ಗೌನ್ ಹಾಕಿಕೊಂಡು ಸ್ಟ್ಯಾಂಡಿಗೆ ಬೆನ್ನು ಒತ್ತಿ, ಮುಖ ಕಿರಣ ಬರುವ ಟ್ಯೂಬಿನ ಕಡೆ ಮಾಡಿ ನಿಂತಿದ್ದಳು. ಕಿರಣ ಎಲ್ಲೆಲ್ಲಿ ಬೀಳುತ್ತೆ ಅಂತ ಮೈಮೇಲೆ ತೋರಿಸುವ ಹಳದಿ ಬೆಳಕಿನ ಚೌಕ ಕಣ್ಣಿನಿಂದ ತೊಡೆಯವರೆಗೆ ಪೂರ್ತಿ ತೆರೆದಿತ್ತು. ಮಾನಿಟರ್ ನೋಡಿದೆ. ಮೊದಲನೆಯದು ಉಸಿರಾಡಿ ಅಲುಗಾಡಿದೆ. ಎರಡನೆಯದರಲ್ಲಿ ಸೊಂಟದ ಎಲುಬು ಕತ್ತರಿಸಿ ಹೋಗಿದೆ. ಮೂರನೆಯದರಲ್ಲಿ ಮೈ ತಿರುಗಿದೆ, ಜೊತೆಗೆ ಒಳ ಉಡುಪಿನ ಹುಕ್ಕು ಮೂಳೆಯ ಮೇಲೇ ಕೂತಿದೆ. ಹುಡುಗ ನಾಲ್ಕನೆಯದಕ್ಕೆ ಸ್ವಿಚ್ ಕೈಗೆ ತಗೊಂಡಿದ್ದ.

"ನಿಲ್ಲಿಸು" ಅಂದೆ. "ಮೂರು ಸಲ ಆಯ್ತಲ್ಲೋ."

ಆಗ ಅಂದ ಆ ಮಾತು. ಏನೂ ತಪ್ಪಾಗಿಲ್ಲ ಅನ್ನೋ ಮುಖದಲ್ಲಿ.

ನಾನು ಈ ಕೆಲಸಕ್ಕೆ ಸೇರಿದಾಗ ಡಾರ್ಕ್ ರೂಮ್ ಇತ್ತು. ಡೆವಲಪರ್, ಫಿಕ್ಸರ್ ವಾಸನೆ ಅಂಗಿಗೆ ಅಂಟಿಕೊಂಡು ಮನೆತನಕ ಬರುತ್ತಿತ್ತು. ಕೆಟ್ಟ ಫಿಲಂಗಳನ್ನೆಲ್ಲ ಟೇಬಲ್ ಕೆಳಗಿನ ಒಂದು ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದೆವು. ಅದರಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಕೆಜಿ ಲೆಕ್ಕದಲ್ಲಿ ಕೊಳ್ಳುವವರು ಬರುತ್ತಿದ್ದರು. ಆದರೆ ಡಬ್ಬ ಅವರ ಕೈಗೆ ಹೋಗುವ ಮೊದಲು, ಪ್ರತಿ ಶನಿವಾರ, ನಮ್ಮ ಸೀನಿಯರ್ ಒಂದೊಂದೇ ಫಿಲಂ ಎತ್ತಿ ಕಿಟಕಿಗೆ ಹಿಡಿದು ಕೇಳುತ್ತಿದ್ದರು, "ಇದ್ಯಾಕೆ ಕೆಡ್ತು?" ಯಾರು ತೆಗೆದದ್ದು ಅಂತ ಯಾವತ್ತೂ ಕೇಳುತ್ತಿರಲಿಲ್ಲ. ಯಾಕೆ ಕೆಟ್ಟಿತು ಅಂತ ಮಾತ್ರ. ಉತ್ತರ ಗೊತ್ತಿರುವವನೇ ಬಾಯಿ ಬಿಡಬೇಕಿತ್ತು.

ಈಗ ಡಬ್ಬ ಇಲ್ಲ. ಕೆಟ್ಟದ್ದನ್ನು ರಿಜೆಕ್ಟ್ ಅಂತ ಒತ್ತಿದರೆ ಪರದೆಯಿಂದ ಮಾಯ. ಡಾಕ್ಟರಿಗೆ ಹೋಗುವುದು ಚೆನ್ನಾಗಿ ಬಂದ ಒಂದೇ ಒಂದು. ಫಿಲಂ ಕಾಲದಲ್ಲಿ ದುಡ್ಡು ಖರ್ಚಾಗುತ್ತೆ ಅನ್ನೋ ಭಯಕ್ಕಾದರೂ ಕೈ ತಡೆಯುತ್ತಿತ್ತು. ಕಿರಣ ಜಾಸ್ತಿಯಾದರೆ ಫಿಲಂ ಕಪ್ಪಾಗಿ ಗುಟ್ಟು ಬಯಲಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಕಿರಣ ಕಡಿಮೆ ಆದರೆ ಚಿತ್ರ ಕಾಳುಕಾಳಾಗಿ ಕಾಣುತ್ತದೆ, ಡಾಕ್ಟರ್ ಬೈಯುತ್ತಾರೆ. ಜಾಸ್ತಿಯಾದರೆ ಸಾಫ್ಟ್‌ವೇರ್ ಸರಿಮಾಡಿ ಸುಂದರವಾಗಿ ತೋರಿಸುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಗೊತ್ತೇ ಆಗದ ಹಾಗೆ ಎಲ್ಲರ ಕೈ ಸ್ವಲ್ಪ ಸ್ವಲ್ಪವೇ ಮೇಲೆ ಹೋಗುತ್ತದೆ. ಫಿಲಂ ಬದಲು ಈಗ ಚಿತ್ರ ಹಿಡಿಯುವ ಡಿಟೆಕ್ಟರ್ ಮೇಲೆ ಕಿರಣ ಎಷ್ಟು ಬಿತ್ತು ಅಂತ ಹೇಳುವ ಒಂದು ಅಂಕಿ ಚಿತ್ರದ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡುವವರು ಎಷ್ಟು ಜನ?

ಹುಡುಗಿಯ ವಿಷಯಕ್ಕೆ ಬರುತ್ತೇನೆ. "ಪುಟ್ಟಾ, ಸ್ವಲ್ಪ ಕೂತ್ಕೋ" ಅಂದು ಸ್ಟೂಲ್ ಕೊಟ್ಟೆ. ತಾಯಿಯನ್ನು ಒಳಗೆ ಕರೆದೆ. ಜಡೆ ಎತ್ತಿ ತಲೆಯ ಮೇಲೆ ಕಟ್ಟಿಸಿದೆ, ಹುಕ್ಕು ಇರುವ ಬಟ್ಟೆ ತೆಗೆಸಿದೆ. ಜಡೆಯನ್ನು ಹಗುರವಾಗಿ ತಗೋಬೇಡಿ. ಎದೆಯ ಎಕ್ಸ್-ರೇನಲ್ಲಿ ಭುಜದ ಮೇಲೆ ಬಿದ್ದ ಜಡೆ ಶ್ವಾಸಕೋಶದ ತುದಿಯಲ್ಲಿ ನೆರಳು ಹಾಕಿ ಟಿಬಿ ಇರಬಹುದಾ ಅನ್ನೋ ಅನುಮಾನ ಹುಟ್ಟಿಸುತ್ತದೆ. ತಾಳಿ ತೆಗೆಯಲು ಮನಸ್ಸಿಲ್ಲದ ಎಷ್ಟೋ ಹೆಂಗಸರು ಅದನ್ನು ಮೇಲೆತ್ತಿ ಹಲ್ಲಲ್ಲಿ ಕಚ್ಚಿ ಹಿಡಿದು ನಿಲ್ಲುತ್ತಾರೆ. ನಾನೇ ಹಾಗೆ ಹೇಳಿಕೊಡುತ್ತೇನೆ. ಒಂದು ನಿಮಿಷದ ಕೆಲಸ, ಇನ್ನೊಂದು ಎಕ್ಸ್‌ಪೋಶರ್, ಅಂದರೆ ಇನ್ನೊಂದು ಸಲ ಕಿರಣ ಬಿಡುವುದು, ಉಳಿಯುತ್ತದೆ.

ಆಮೇಲೆ ಅವಳನ್ನು ತಿರುಗಿಸಿ ನಿಲ್ಲಿಸಿದೆ. ಎದೆ ಸ್ಟ್ಯಾಂಡಿನ ಕಡೆ, ಬೆನ್ನು ಟ್ಯೂಬಿನ ಕಡೆ. ಇಷ್ಟೇ ವ್ಯತ್ಯಾಸ, ಆದರೆ ಈ ವಯಸ್ಸಿನ ಹೆಣ್ಣುಮಗುವಿಗೆ ಇದು ದೊಡ್ಡದು. ಕಿರಣ ಮೈಯೊಳಗೆ ಹೊಕ್ಕ ಕಡೆ ಬೀಳುವುದೇ ಬಹುಪಾಲು. ಮೈ ದಾಟಿ ಆ ಕಡೆ ಬರುವುದು ತೀರಾ ಸ್ವಲ್ಪ. ಮುಖ ಟ್ಯೂಬಿನ ಕಡೆ ಇದ್ದರೆ ಆಗಷ್ಟೇ ಬೆಳೆಯುತ್ತಿರುವ ಎದೆಗೂ ಥೈರಾಯ್ಡಿಗೂ ನೇರ ಹೊಡೆತ. ಬೆನ್ನು ಕೊಟ್ಟರೆ ಬೆನ್ನಿನ ಮಾಂಸ, ಮೂಳೆಗಳೇ ಅಡ್ಡ ನಿಂತು ಕಾಯುತ್ತವೆ. ವಾರೆಯ ಕೋನ ಅಳೆಯಲು ಎರಡೂ ಚಿತ್ರ ಒಂದೇ.

ಇದನ್ನು ನಮಗೆ ಹೇಳಿಕೊಟ್ಟವರು ಅಮೆರಿಕದ ಹೆಣ್ಣುಮಕ್ಕಳು, ಅವರ ಜೀವನವನ್ನೇ ತೆತ್ತು. 1912ರಿಂದ 1965ರ ನಡುವೆ ಬೆನ್ನುಮೂಳೆ ವಾರೆ ಅಂತ ಗೊತ್ತಾಗಿ ಚಿಕಿತ್ಸೆ ಪಡೆದ 5 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ತೆಗೆದು 2000ದಲ್ಲಿ ಒಂದು ಅಧ್ಯಯನ ಬಂತು. ಒಬ್ಬೊಬ್ಬರಿಗೂ ಸರಾಸರಿ 25 ಎಕ್ಸ್-ರೇ ಆಗಿತ್ತು. ಸ್ತನ ಕ್ಯಾನ್ಸರಿನಿಂದ ಸತ್ತವರು 77. ಸಾಮಾನ್ಯ ಜನರ ಲೆಕ್ಕದಲ್ಲಿ ಆಗಬಹುದಾಗಿದ್ದದ್ದು 46ರ ಆಸುಪಾಸು. ಆಗಿನ ಮಿಷನ್‌ಗಳಲ್ಲಿ ಕಿರಣ ಈಗಿನದಕ್ಕಿಂತ ತುಂಬಾ ಜಾಸ್ತಿ ಬೇಕಾಗುತ್ತಿತ್ತು, ನಿಜ. ಆದರೂ ಪಾಠ ಪಾಠವೇ ಅಲ್ವಾ. ವಾರೆ ಇರುವ ಮಗು ಒಂದು ಸಲ ಬಂದು ಹೋಗುವ ಪೇಷಂಟ್ ಅಲ್ಲ. ಎತ್ತರ ಬೆಳೆಯುವುದು ನಿಲ್ಲುವ ತನಕ ನಾಲ್ಕಾರು ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ.

ಈಗ ಸೊಂಟದ ಎಲುಬಿನ ಮೇಲ್ತುದಿ ಎಲ್ಲಿದೆ ಅಂತ ಗುರುತು ಸಿಗಬೇಕು. ಸಾಮಾನ್ಯವಾಗಿ ಮುಟ್ಟಿ ನೋಡುತ್ತೇವೆ. ಆದರೆ ಹುಡುಗಿ ಮೈ ಮುದುರಿಕೊಂಡು ನಿಂತಿದ್ದಳು. ಆಗಲೇ ನನಗೆ ಅರ್ಥವಾದದ್ದು, ನಮ್ಮ ಹುಡುಗ ಮೂರು ಸಲ ಯಾಕೆ ಎಡವಿದ ಅಂತ. ಮುಟ್ಟಲು ಅವನಿಗೆ ಸಂಕೋಚ. ಮುಟ್ಟದೆ ಅಂದಾಜಿಗೆ ನಿಲ್ಲಿಸಿದ, ಅಂದಾಜು ತಪ್ಪಿದರೂ ಎಲ್ಲ ಬರಲಿ ಅಂತ ಬೆಳಕಿನ ಚೌಕ ಪೂರ್ತಿ ತೆರೆದ. ಸಂಕೋಚ ಒಳ್ಳೆಯದೇ. ಆ ಸಂಕೋಚ ಬಂದಾಗ ಏನು ಮಾಡಬೇಕು ಅಂತ ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

"ಅಮ್ಮಾ, ಇಲ್ಲಿ ಬನ್ನಿ. ಮಗಳ ಸೊಂಟದ ಎಲುಬು ಎಲ್ಲಿ ಶುರುವಾಗುತ್ತೆ, ಅಲ್ಲಿ ನಿಮ್ಮ ಕೈ ಇಡಿ" ಅಂದೆ.

ಅವರು ಇಟ್ಟರು. ಬೆಳಕಿನಲ್ಲಿ ಅವರ ಕೈ ಕಂಡಿತು. ಎರಡು ಹಸಿರು ಗಾಜಿನ ಬಳೆ, ಅದರ ನೆರಳು ಹುಡುಗಿಯ ಬೆನ್ನ ಮೇಲೆ ಎರಡು ಗೆರೆಯಾಗಿ ಬಿದ್ದಿತ್ತು. ಬೆರಳುಗಳು ಎಷ್ಟು ಸರಿಯಾದ ಜಾಗದಲ್ಲಿದ್ದವು ಅಂದರೆ, ಪುಸ್ತಕದಲ್ಲಿ ಗುರುತು ಹಾಕಿದ ಹಾಗಿತ್ತು. ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ ಮಗುವಲ್ವಾ, ಮೂಳೆ ಮೂಳೆಯೂ ಗೊತ್ತು. ಆ ಕೈಯನ್ನೇ ಗುರುತು ಮಾಡಿಕೊಂಡು ಚೌಕದ ಕೆಳಗಿನ ಅಂಚನ್ನು ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದೆ. ಮೇಲೆ ಕತ್ತಿನ ಬುಡ. ಎರಡೂ ಪಕ್ಕ ಒಳಗೆ ಎಳೆದು ಕಿರಿದು ಮಾಡಿದೆ. ಹುಡುಗಿಯ ಕೈ ನಡುಗುವುದು ನಿಂತಿತ್ತು.

ಗೋಡೆಗೆ ನೇತುಹಾಕಿದ್ದ ಸೀಸದ ಏಪ್ರನ್ ನೋಡಿ ತಾಯಿ ಕೇಳಿದರು, "ಅದನ್ನ ಇವಳಿಗೆ ಕಟ್ಟಲ್ವಾ ಸರ್?" ಒಳ್ಳೆಯ ಪ್ರಶ್ನೆ. ಮೊದಲೆಲ್ಲ ಸೊಂಟದ ಕೆಳಗೆ ಸೀಸ ಕಟ್ಟುವುದೇ ಪದ್ಧತಿ. ಸುಮ್ನೆ ರೂಢಿಗೆ ಅಂತ ಹಾಗೆ ಕಟ್ಟುವುದನ್ನು ನಿಲ್ಲಿಸಿ ಅಂತ 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವೇ ಹೇಳಿತು. ಸೀಸ ಜರುಗಿ ಬೇಕಾದ ಜಾಗ ಮುಚ್ಚಿದರೆ ಮತ್ತೆ ತೆಗೆಯಬೇಕು. ಇವಳ ವಿಷಯದಲ್ಲಂತೂ ಸೊಂಟದ ಎಲುಬಿನ ಅಂಚು ಕಾಣಲೇಬೇಕು, ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಅಂತ ಡಾಕ್ಟರ್ ಅಂದಾಜು ಮಾಡುವುದು ಅದರಲ್ಲೇ. "ಆ ಬೆಳಕು ಚಿಕ್ಕದು ಮಾಡಿದೆನಲ್ಲಮ್ಮಾ, ಅದೇ ಇವಳಿಗೆ ಕಾವಲು" ಅಂದೆ.

ತಾಯಿ ಹೊರಗೆ ಹೋದರು. "ಪುಟ್ಟಾ, ಎರಡೂ ಕಾಲಿನ ಮೇಲೆ ಒಂದೇ ಸಮ ಭಾರ ಹಾಕು. ಉಸಿರು ಎಳ್ಕೋ... ಹಿಡ್ಕೋ." ಒಂದೇ ಎಕ್ಸ್‌ಪೋಶರ್. ಕತ್ತಿನಿಂದ ಸೊಂಟದವರೆಗೆ ಬೆನ್ನು ಪೂರ್ತಿ ಬಂತು.

ಹೆದರಿಸಲು ಇದೆಲ್ಲ ಬರೆಯುತ್ತಿಲ್ಲ. ಸುತ್ತಲಿನ ಮಣ್ಣು, ಗಾಳಿ, ಆಕಾಶದಿಂದಲೇ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣ ಅಳೆಯುವ ಮಾನ) ವಿಕಿರಣ ಬೀಳುತ್ತದೆ. ಸರಿಯಾಗಿ ತೆಗೆದ ಒಂದು ಎದೆ ಎಕ್ಸ್-ರೇ ಅಂದರೆ 0.02 ಮಿಲಿಸೀವರ್ಟ್ ಆಸುಪಾಸು. ಮೂರು ದಿನ ಸುಮ್ನೆ ಬದುಕಿದ್ದಷ್ಟೇ. ಬೆನ್ನು, ಹೊಟ್ಟೆಯದು ಅದಕ್ಕಿಂತ ಜಾಸ್ತಿ. ಹೊಟ್ಟೆಯ ಸಿಟಿ ಸ್ಕ್ಯಾನ್ ಎಂಟು ಹತ್ತು ಮಿಲಿಸೀವರ್ಟ್‌ವರೆಗೂ ಹೋಗುತ್ತದೆ. ಡಾಕ್ಟರ್ ಬೇಕು ಅಂದ ಎಕ್ಸ್-ರೇಯನ್ನು ಹೆದರಿ ಬಿಡಬೇಡಿ. ಆದರೆ ಬೇಕಾಗಿದ್ದು ಒಂದು, ಬಿದ್ದದ್ದು ನಾಲ್ಕು. ಮೂರು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ನನ್ನ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜು ಇದೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ನನ್ನ ಮೈಗೆ ಎಷ್ಟು ಬಿತ್ತು ಅಂತ ಲೆಕ್ಕ ಬರುತ್ತದೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು ಅಂತ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಇಂಥ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. 1895ರಲ್ಲಿ ರಾಂಟ್‌ಜನ್ ಈ ಕಿರಣ ಕಂಡುಹಿಡಿದ ಹತ್ತು ವರ್ಷದೊಳಗೆ, 1904ರಲ್ಲಿ, ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿ ಕೈಗಳನ್ನು ಕಳೆದುಕೊಂಡು ಸತ್ತ. ಅಂಥವರ ಬೆರಳು ಕಣ್ಣೆದುರೇ ಕೊಳೆತಿದ್ದಕ್ಕೆ ನನಗೆ ಇವತ್ತು ಬ್ಯಾಡ್ಜು ಸಿಕ್ಕಿದೆ. ಪೇಷಂಟಿಗೆ ಬ್ಯಾಡ್ಜು ಇಲ್ಲ, ಮಿತಿಯೂ ಇಲ್ಲ. ಇಡಲೂಬಾರದು, ಜೀವ ಉಳಿಸಲು ಬೇಕಾದಷ್ಟು ತೆಗೆಯಲೇಬೇಕಲ್ಲ. ಹಾಗಾಗಿ ಅವರ ಪಾಲಿನ ಮಿತಿ ಅಂದರೆ ಸ್ವಿಚ್ ಹಿಡಿದ ಕೈ ಅಷ್ಟೇ.

ಮ್ಯಾನೇಜ್‌ಮೆಂಟಿನವರ ಮೇಲೂ ನನಗೆ ಸಿಟ್ಟಿದೆ. ಇವತ್ತು ಎಷ್ಟು ಪೇಷಂಟ್ ಆಯ್ತು ಅಂತ ಸಂಜೆ ತಪ್ಪದೆ ಕೇಳುತ್ತಾರೆ. ಎಷ್ಟು ರಿಪೀಟ್ ಆಯ್ತು ಅಂತ ಒಂದು ದಿನವೂ ಕೇಳಿದ್ದಿಲ್ಲ. ಬೆಂಚು ತುಂಬಿದ್ದಾಗ ಹೊಸ ಹುಡುಗ ಒಬ್ಬನನ್ನೇ ಬಿಟ್ಟು ನನ್ನನ್ನು ಮೇಲೆ ಕಳಿಸುತ್ತಾರೆ. ಆದರೆ ಅವರನ್ನು ಬೈದು ಕೂತರೆ ನನ್ನ ಪಾಲು ಹೋಗುವುದಿಲ್ಲ. ರಿಜೆಕ್ಟ್ ಆದ ಚಿತ್ರಗಳು ಸಿಸ್ಟಮ್ಮಿನಲ್ಲಿ ಒಂದು ಕಡೆ ಉಳಿದಿರುತ್ತವೆ. ಇಷ್ಟು ವರ್ಷದಲ್ಲಿ ನಾನೇ ಅದನ್ನು ತೆರೆದು ನೋಡಿರಲಿಲ್ಲ. ಗುರುವಾರ ಸಂಜೆ ಹುಡುಗನನ್ನು ಪಕ್ಕ ಕೂರಿಸಿಕೊಂಡು ತೆರೆದೆ. ಅವನವು ಇದ್ದವು, ನನ್ನವೂ ಇದ್ದವು. ಮಿಷನ್ ಕೆಟ್ಟು ಹಾಳಾದದ್ದು ಬೆರಳೆಣಿಕೆ. ಉಳಿದದ್ದೆಲ್ಲ ನಿಲ್ಲಿಸಿದ್ದರಲ್ಲಿ, ಮಲಗಿಸಿದ್ದರಲ್ಲಿ ತಪ್ಪು. ಒಂದೊಂದನ್ನೇ ದೊಡ್ಡದು ಮಾಡಿ, "ಇದ್ಯಾಕೆ ಕೆಡ್ತು?" ಅಂತ ಕೇಳಿದೆ. ನಮ್ಮ ಸೀನಿಯರ್ ಧ್ವನಿ ನನ್ನ ಬಾಯಲ್ಲಿ ಬಂದಹಾಗಿತ್ತು. ಮೊದಮೊದಲು ಹುಡುಗ ಮಾತಾಡಲಿಲ್ಲ. ಆಮೇಲೆ ಅವನೇ ಹೇಳತೊಡಗಿದ. ನನ್ನದೊಂದು ಬಂದಾಗ ನಾನು ಹೇಳಿದೆ.

ಬುಧವಾರ ಆ ತಾಯಿ ಹೊರಡುವ ಮೊದಲು ಎಕ್ಸ್-ರೇ ಕವರಿನ ಹಿಂದೆ ಪೆನ್ನಿನಲ್ಲಿ ಬರೆದುಕೊಟ್ಟೆ. ತಾರೀಕು, ಬೆನ್ನು ಟ್ಯೂಬಿನ ಕಡೆ, ನಿಲ್ಲಿಸಿ ತೆಗೆದದ್ದು. "ಮುಂದಿನ ಸಲ ಎಲ್ಲಿ ತೆಗೆಸಿದ್ರೂ ಇದನ್ನ ಮೊದಲು ತೋರಿಸಿಮ್ಮಾ" ಅಂದೆ. ಇನ್ನು ಎಷ್ಟು ಎಕ್ಸ್‌ಪೋಶರ್ ಅಂತ ಬರೆಯಬೇಕಿತ್ತು. ಡಾಕ್ಟರ್ ಕೈಯಲ್ಲಿ ಇರುವುದು ಒಂದೇ ಚಿತ್ರ. 1 ಅಂತ ಬರೆದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗ ಪಕ್ಕದಲ್ಲೇ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದ.

4 ಅಂತ ಬರೆದೆ. ತಾಯಿ ಅದನ್ನು ಓದಿ, ಕವರನ್ನು ಮಡಚದ ಹಾಗೆ ಸ್ಕೂಲ್ ಬ್ಯಾಗಿನೊಳಗೆ ಪುಸ್ತಕಗಳ ನಡುವೆ ಇಟ್ಟುಕೊಂಡರು.