ಚೂರಿನಲ್ಲೂ ಪೂರ್ತಿ ಅವರೇ

ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ರೋಗಿಗಳ ಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯಾಜಕರು ಪವಿತ್ರಗೊಳಿಸಿದ ಅಪ್ಪ (ತೆಳ್ಳಗಿನ ರೊಟ್ಟಿ), ಒಯ್ಯುವ ಸೇವೆ ನನ್ನದು. ಯಾಜಕರಲ್ಲದವರೂ ಇದನ್ನು ಮಾಡಲು 1973ರಲ್ಲಿ, ಆರನೇ ಪೌಲರು ಪೋಪ್ ಆಗಿದ್ದಾಗ, ಕಥೋಲಿಕ ಧರ್ಮಸಭೆ ಅನುಮತಿ ಕೊಟ್ಟಿತು. ಫಾದರ್ ಕೊಡುವ ಪುಟ್ಟ ಡಬ್ಬಿಯನ್ನು, ಪಿಕ್ಸ್ ಅಂತಾರೆ ಅದಕ್ಕೆ, ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತೇನೆ. ಆಮೇಲೆ ನೇರ ರೋಗಿಯ ಮನೆಗೇ. ಫೋನ್ ಬಂದರೂ ಎತ್ತುವುದಿಲ್ಲ. ಪರಿಚಯದವರು ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತೇನೆ. ಎದೆಯ ಮೇಲಿರುವುದು ಯೇಸುಸ್ವಾಮಿಯ ಗುರುತಲ್ಲ, ಯೇಸುಸ್ವಾಮಿಯೇ. ಅವರೇ ಜೊತೆಗಿರುವಾಗ ದಾರಿಯಲ್ಲಿ ನಿಂತು ಹರಟೆ ಹೊಡೆಯಲು ಮನಸ್ಸು ಬರುತ್ತಾ?

ಒಂದು ಭಾನುವಾರ ಹೋಗಿದ್ದು ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಮನೆಗೆ. ಲಕ್ವ ಹೊಡೆದಾಗಿನಿಂದ ಅವರಿಗೆ ಗಟ್ಟಿ ಪದಾರ್ಥ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾತೂ ತೊದಲು. ಸೊಸೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚಿದ್ದರು. ಆದರೂ ಮುಖದಲ್ಲಿ ಗಾಬರಿ.

"ಅಣ್ಣಾ, ಈ ಸಲ ತುಟಿಗೆ ಮುಟ್ಟಿಸಿ ತೆಗೆದುಬಿಟ್ಟರೆ ಆಗಲ್ವಾ? ನೆನಪಿಗೆ ಮಾಡೋದು ತಾನೇ?"

ಅವರು ಮದುವೆಗೆ ಮುಂಚೆ ಬೇರೆ ಕ್ರೈಸ್ತ ಸಭೆಯವರು. ಅಲ್ಲಿ ರೊಟ್ಟಿ, ದ್ರಾಕ್ಷಾರಸವನ್ನು ಪ್ರಭುವಿನ ನೆನಪಿಗಾಗಿ ಹಂಚುತ್ತಿದ್ದರಂತೆ. ಅವರು ಕೇಳಿದ್ದು ಅತ್ತೆಯ ಮೇಲಿನ ಕಾಳಜಿಯಿಂದಲೇ. ಆದರೆ ನನಗೆ ಹೂಂ ಅನ್ನಲು ಆಗಲಿಲ್ಲ. ಬರೀ ನೆನಪಾಗಿದ್ದರೆ ಮುಟ್ಟಿಸಿದರೂ ಸಾಕು, ನೋಡಿದರೂ ಸಾಕು. "ತೆಗೆದುಕೊಳ್ಳಿ, ತಿನ್ನಿರಿ, ಇದು ನನ್ನ ಶರೀರ" ಅಂದಿದ್ದಾರಲ್ಲ ಸ್ವಾಮಿ. ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ನನ್ನ ಶರೀರ ತಿನ್ನಬೇಕು, ನನ್ನ ರಕ್ತ ಕುಡಿಯಬೇಕು ಅಂದಾಗ ಎಷ್ಟೋ ಶಿಷ್ಯರು ಇದು ಕಠಿಣವಾದ ಮಾತು ಅಂತ ಬಿಟ್ಟು ಹೋದರು. ಅಯ್ಯೋ ನಿಲ್ಲಿ, ನಾನು ಹೇಳಿದ್ದು ಸುಮ್ನೆ ಉಪಮೆ ಅಂತ ಯೇಸು ಅವರನ್ನು ಕರೆಯಲಿಲ್ಲ. ನನ್ನ ನಂಬಿಕೆ ನಿಂತಿರುವುದು ಅಲ್ಲೇ.

ಇಷ್ಟೆಲ್ಲ ಅವರಿಗೆ ಆಗ ಹೇಳಲಿಲ್ಲ. "ಒಂದು ಸಣ್ಣ ಚೂರು ಕೊಡೋಣಕ್ಕಾ, ನೀರಿನ ಜೊತೆ ಇಳಿಯುತ್ತೆ" ಅಂದೆ.

ಪಿಕ್ಸ್ ತೆರೆದೆ. ತೆಳ್ಳಗಿನ ಬಿಳಿ ಅಪ್ಪ. ಅದರ ಅಂಚಿನಿಂದ ಉಗುರಿನ ತುದಿಯಷ್ಟು ಮುರಿದೆ. ಅದೂ ಜಾಸ್ತಿ ಅನ್ನಿಸಿ ಅದರಲ್ಲಿ ಅರ್ಧ ಮಾಡಿದೆ. ಚಮಚದ ನೀರಿನಲ್ಲಿ ಹಾಕಿದರೆ ಕಂಡೂ ಕಾಣದಷ್ಟು. ಸೊಸೆ ಬಗ್ಗಿ ನೋಡಿ, "ಇಷ್ಟು ಸಾಕಾ ಅಣ್ಣಾ?" ಅಂದರು.

"ಸಾಕು. ಇದರಲ್ಲೂ ಪೂರ್ತಿ ಅವರೇ."

ಈ ಮಾತು ನನ್ನದಲ್ಲ. ಅಪ್ಪವನ್ನು ಮುರಿದರೆ ಕ್ರಿಸ್ತರು ತುಂಡಾಗುವುದಿಲ್ಲ, ಪ್ರತಿ ಚೂರಿನಲ್ಲೂ ಇಡೀ ಕ್ರಿಸ್ತರು ಇದ್ದಾರೆ ಎಂದು ಧರ್ಮಸಭೆಯ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ 1551ರಲ್ಲಿ ಸಾರಿತು. ಬಣ್ಣ, ರುಚಿ, ಆಕಾರ ರೊಟ್ಟಿಯದೇ. ಆದರೆ ಅದು ಏನು ಅನ್ನುವುದೇ ಬದಲಾಗಿರುತ್ತದೆ. ಇದನ್ನು ಧರ್ಮೋಪದೇಶ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಕೈಯಲ್ಲಿ ಚಮಚ ಹಿಡಿದು ನಿಂತಾಗ ಅದು ಎಂಥ ಸಮಾಧಾನದ ಮಾತು ಅಂತ ಗೊತ್ತಾಯಿತು. ನುಂಗಲಾಗದವರಿಗೆ ಸ್ವಾಮಿ ಕಡಿಮೆ ಸಿಗುವುದಿಲ್ಲ.

"ಕ್ರಿಸ್ತರ ಶರೀರ" ಅಂದೆ. ಅಜ್ಜಿಯ ಆಮೆನ್ ಪೂರ್ತಿ ಬರಲಿಲ್ಲ, 'ಆ' ಅಂತ ಮಾತ್ರ ಕೇಳಿಸಿತು. ಬಾಯಿಯ ಒಂದು ಕಡೆ ಬಿದ್ದಿತ್ತು, ಹಾಗಾಗಿ ಇನ್ನೊಂದು ಕಡೆಯಿಂದ ಹಾಕಿದೆ. ಗಂಟಲು ನಿಧಾನ ಅಲುಗಿತು. ಕೆಮ್ಮಲಿಲ್ಲ. ಸೊಸೆ ಹಿಡಿದಿದ್ದ ಉಸಿರು ಬಿಟ್ಟರು.

ಉಳಿದ ಭಾಗವನ್ನು ಪಿಕ್ಸ್‌ನಲ್ಲಿಟ್ಟೆ, ಅದು ದೇವಾಲಯಕ್ಕೆ ವಾಪಸ್ ಹೋಗಬೇಕು. ಬೆರಳು, ಚಮಚ ಎರಡನ್ನೂ ಲೋಟದ ನೀರಿನಲ್ಲಿ ತೊಳೆದು, ಆ ನೀರನ್ನು ಗಿಡದ ಬುಡಕ್ಕೆ ಹಾಕಿದೆ. 4ನೇ ಶತಮಾನದಲ್ಲಿ ಜೆರುಸಲೇಮಿನ ಬಿಷಪ್ ಸಿರಿಲರು ಹೊಸ ಕ್ರೈಸ್ತರಿಗೆ ಹೇಳಿದ್ದೂ ಇದನ್ನೇ: ಯಾರಾದರೂ ಚಿನ್ನದ ಪುಡಿ ಕೊಟ್ಟರೆ ಒಂದು ಕಣವೂ ಬೀಳದ ಹಾಗೆ ಹಿಡಿಯುತ್ತೀರಿ, ಇದನ್ನು ಅದಕ್ಕಿಂತ ಜೋಪಾನವಾಗಿ ಹಿಡಿಯಬೇಡವೇ?

ದೇವಾಲಯಕ್ಕೆ ಹಿಂತಿರುಗುವಾಗ ವಿಯೆಟ್ನಾಂನ ಆರ್ಚ್‌ಬಿಷಪ್ ವಾನ್ ಥುವಾನ್ ನೆನಪಾದರು. 1975ರಲ್ಲಿ ಬಂಧನಕ್ಕೊಳಗಾಗಿ 13 ವರ್ಷ ಸೆರೆಯಲ್ಲಿದ್ದವರು. ಹೊಟ್ಟೆನೋವಿನ ಔಷಧಿ ಎಂದು ಹೊರಗಿನಿಂದ ತರಿಸಿಕೊಂಡ ದ್ರಾಕ್ಷಾರಸದಲ್ಲಿ ಮೂರು ಹನಿ, ಜೊತೆಗೆ ಒಂದು ಹನಿ ನೀರು ಅಂಗೈಯಲ್ಲಿಟ್ಟುಕೊಂಡು ಬಲಿಪೂಜೆ ಅರ್ಪಿಸುತ್ತಿದ್ದರು. ಮೂರು ಹನಿಯಲ್ಲಿ ಅವರಿಗೆ ಏನೂ ಕಡಿಮೆ ಆಗಿರಲಿಲ್ಲ.

ಫಾದರ್‌ಗೆ ಎಲ್ಲ ಹೇಳಿದೆ. ಅಪ್ಪ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಟ್ಟರೂ ಸಾಕು, ಅದರಲ್ಲೂ ಇಡೀ ಕ್ರಿಸ್ತರಿದ್ದಾರೆ ಅಂದರು. ಮುಂದಿನ ವಾರ ತಾವೇ ಮುಚ್ಚಳದ ಪುಟ್ಟ ಪಾತ್ರೆ ಹಿಡಿದು ಬಂದರು. ಸೊಸೆ ಚಮಚ ಕೊಟ್ಟರು, ಪಕ್ಕದಲ್ಲಿ ತೊಳೆಯಲು ಲೋಟದಲ್ಲಿ ನೀರು ತುಂಬಿಟ್ಟಿದ್ದರು. ಆ ನೀರನ್ನು ಆಮೇಲೆ ಎಲ್ಲಿ ಹಾಕಬೇಕು ಅಂತ ಫಾದರ್‌ಗೆ ಅವರೇ ತೋರಿಸಿದರು.