ತಾಮ್ರದ ತಗಡಿನ ಮೇಲೊಂದು ರಾತ್ರಿ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಪತ್ರಿಕೆಯೊಂದರ ಚಿತ್ರಗಾರನಾಗಿ ಉತ್ತರದ ಪಕ್ಷದ ಪೊಟೊಮ್ಯಾಕ್ ಸೇನೆಯ ಜೊತೆ ತಿರುಗಿದ ಎಡ್ವಿನ್ ಫೋರ್ಬ್ಸ್, ಅಲ್ಲಿ ಬರೆದುಕೊಂಡಿದ್ದ ರೇಖಾಚಿತ್ರಗಳನ್ನು ಆಧರಿಸಿ 1876ರಲ್ಲಿ ಎಚ್ಚಿಂಗ್‌ಗಳ, ಅಂದರೆ ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳ, ಸರಣಿಯೊಂದನ್ನು ಹೊರತಂದನು. ಕದನದಷ್ಟೇ ಆಸ್ಥೆಯಿಂದ ಅವನು ಬಿಡಾರದ ಬದುಕನ್ನೂ ಚಿತ್ರಿಸಿದ; ನನಗೆ ಅವನು ಇಷ್ಟವಾಗುವುದು ಅದಕ್ಕೇ.

ಎಚ್ಚಿಂಗ್‌ನಲ್ಲಿ ರಾತ್ರಿಯನ್ನು ತೋರಿಸುವುದು ಸುಲಭವಲ್ಲ. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಆ ಲೇಪವನ್ನು ಗೀರಿ, ತಗಡನ್ನು ಆಮ್ಲದಲ್ಲಿ ಮುಳುಗಿಸಿದಾಗ ಗೀರಿದ ಕಡೆಯಷ್ಟೇ ಲೋಹ ಸವೆಯುತ್ತದೆ. ಆಮೇಲೆ ಆ ಗೆರೆಗಳಲ್ಲಿ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತುತ್ತಾರೆ; ಹೆಚ್ಚು ಹೊತ್ತು ಸವೆದ ಗೆರೆ ಹೆಚ್ಚು ಶಾಯಿ ಹಿಡಿದು ಕಪ್ಪಾಗಿ ಮೂಡುತ್ತದೆ. ಹಾಗಾಗಿ ಕತ್ತಲೆಯನ್ನು ಗೆರೆಯ ಮೇಲೆ ಗೆರೆ ಹಾಯಿಸಿ ಕಟ್ಟಬೇಕು, ಬೆಂಕಿಯನ್ನಾದರೋ ಮುಟ್ಟದೆ ಬಿಡಬೇಕು: ನಮಗೆ ಉರಿಯಾಗಿ ಕಾಣುವುದು ಬರಿಯ ಕಾಗದ. ಬೆಂಕಿಯ ಪಕ್ಕ ಕುಳಿತವನ ಒಂದು ಕೆನ್ನೆ, ಟೋಪಿಯ ಅಂಚು, ಕೋವಿಯ ನಳಿಗೆ ಬಿಳಿಯಾಗಿ ಉಳಿದರೆ ಸಾಕು, ಮಿಕ್ಕ ದೇಹವನ್ನು ನೋಡುವವನ ಕಣ್ಣೇ ತುಂಬಿಕೊಳ್ಳುತ್ತದೆ.

ಬಿಡಾರದ ವಿವರಗಳೂ ಚಿತ್ರಕ್ಕೆ ಒದಗಿಬರುವಂಥವೇ. ಉತ್ತರದ ಸೇನೆಯ ಕಾಲಾಳುಗಳು ತಲಾ ಅರ್ಧ ಗುಡಾರದ ಬಟ್ಟೆಯನ್ನು ಹೊರುತ್ತಿದ್ದರು. ಇಬ್ಬರು ತಮ್ಮ ತುಂಡುಗಳನ್ನು ಗುಂಡಿ ಹಾಕಿ ಜೋಡಿಸಿದರೆ ತೆವಳಿ ಒಳಹೋಗುವಷ್ಟು ಕುಳ್ಳಾದ ಗುಡಾರವೊಂದು ಸಿದ್ಧವಾಗುತ್ತಿತ್ತು. ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಿದ್ದರು, ಡಬ್ಬಿಯಲ್ಲಿ ಕಾಫಿ ಕುದಿಯುತ್ತಿತ್ತು.

ಅಂದಿನ ಕ್ಯಾಮೆರಾಗಳ ಗಾಜಿನ ಫಲಕಕ್ಕೆ ಹಗಲಿನಲ್ಲೇ ಕೆಲವು ಸೆಕೆಂಡುಗಳ ಬೆಳಕು ಬೇಕಾಗುತ್ತಿದ್ದುದರಿಂದ, ಅಲುಗಾಡುವ ಜ್ವಾಲೆ ಮತ್ತು ಅದರ ಸುತ್ತ ಹರಟುವ ಸೈನಿಕರು ಫೋಟೋಗೆ ದಕ್ಕುವಂತಿರಲಿಲ್ಲ. ಚಿತ್ರಗಾರನಿಗೆ ಆ ಕಟ್ಟು ಇರಲಿಲ್ಲ, ಕಂಡದ್ದಕ್ಕೆ ತುಸು ಸೊಗಸು ಬೆರೆಸುವ ಸ್ವಾತಂತ್ರ್ಯವೂ ಇತ್ತೆನ್ನಿ.